ಅವಕೆಂಪು ಬೆಳಕು ಮತ್ತು ನಮ್ಮ ಕ್ಯಾಮೆರಾ

ನಮ್ಮ ಶಾಲೆಯ ವಿಜ್ಞಾನದ ಕೋಣೆಯ ಗೋಡೆಗೆ ಕಳೆದ ವರ್ಷದಿಂದ ಎರಡು ಚಿತ್ರಗಳನ್ನು ತೂಗುಹಾಕಿದ್ದೇವೆ. ಎರಡೂ ಶಾಲೆಯ ಅಂಗಳದಲ್ಲಿರುವ ಬೇವಿನ ಮರದವೇ. ಒಂದೇ ದಿನ, ಒಂದೇ ಜಾಗದಲ್ಲಿ ನಿಂತು, ಅರ್ಧ ಗಂಟೆಯ ಅಂತರದಲ್ಲಿ ತೆಗೆದವು. ಮೊದಲನೆಯದರಲ್ಲಿ ಮರ ಹಸುರಾಗಿದೆ, ಆಕಾಶ ನೀಲಿಯಾಗಿದೆ. ಅದನ್ನು ಯಾರೂ ಎರಡನೆಯ ಸಲ ನೋಡುವುದಿಲ್ಲ. ಎರಡನೆಯದರಲ್ಲಿ ಎಲೆಯೆಲ್ಲ ಹಿಂಜಿದ ಅರಳೆಯಂತೆ ಬೆಳ್ಳಗಿದೆ. ಆಕಾಶವೋ ಅಮಾವಾಸ್ಯೆಯ ರಾತ್ರಿಯಂತೆ ಕಪ್ಪಾಗಿದೆ. ಪಾಲಕರ ಸಭೆಗೆ ಬಂದಿದ್ದ ಹಿರಿಯರೊಬ್ಬರು ಇದರ ಮುಂದೆ ಬಹಳ ಹೊತ್ತು ನಿಂತು, "ಯಾಕ್ರಿ ಸರ, ಗಿಡ ಒಣಗಿ ಹೋಯ್ತೇನ್ರಿ? ಹೊರಗ ನೋಡಿದ್ರ ಹಸರಾಗೇ ಅದಲ್ಲ!" ಎಂದು ಕೇಳಿದರು. ಮರ ಒಣಗಿಲ್ಲವೆಂದೂ, ತುಂಬು ಎಲೆಯಿಂದ ನಿಂತಿರುವುದರಿಂದಲೇ ಅಷ್ಟು ಬೆಳ್ಳಗೆ ಕಾಣುತ್ತಿದೆಯೆಂದೂ ಹೇಳಿದೆವು. ಅವರು ನಂಬಿದಂತೆ ತೋರಲಿಲ್ಲ. ಅವರಿಗೂ ವಿದ್ಯಾರ್ಥಿಗಳಿಗೂ ಈ ವಿಷಯವನ್ನು ಕ್ರಮವಾಗಿ ತಿಳಿಸಬೇಕೆಂದು ಈ ಪಾಠವನ್ನು ಬರೆದಿದ್ದೇವೆ.

ಬೆಳಕು ಅಲೆಗಳ ರೂಪದಲ್ಲಿ ಸಾಗುವುದೆಂಬುದನ್ನು ಮೇಲಿನ ತರಗತಿಯವರು ಓದಿದ್ದೀರಿ. ನಮ್ಮ ಕಣ್ಣಿಗೆ ನೇರಳೆಯಿಂದ ಕೆಂಪಿನವರೆಗಿನ ಅಲೆಗಳು ಮಾತ್ರ ಕಾಣುತ್ತವೆ. ಅಳತೆಯಲ್ಲಿ ಹೇಳುವುದಾದರೆ ಸುಮಾರು 400ರಿಂದ 700 ನ್ಯಾನೋಮೀಟರ್ ತರಂಗಾಂತರದವು. ಮಿಲಿಮೀಟರಿನ ಹತ್ತು ಲಕ್ಷದಲ್ಲೊಂದು ಭಾಗವೇ ನ್ಯಾನೋಮೀಟರ್. ಕೆಂಪಿನ ಆಚೆಗೂ ಬೆಳಕುಂಟೆಂದು 1800ರಲ್ಲಿ ಇಂಗ್ಲೆಂಡಿನಲ್ಲಿದ್ದ ವಿಲಿಯಂ ಹರ್ಷಲನು ಕಂಡುಹಿಡಿದನು. ಯುರೇನಸ್ ಗ್ರಹವನ್ನು 1781ರಲ್ಲಿ ಕಂಡವನೂ ಇವನೇ. ಗಾಜಿನ ಪಟ್ಟಕದಿಂದ ಸೂರ್ಯನ ಬೆಳಕನ್ನು ಬಣ್ಣಗಳಾಗಿ ಒಡೆದು, ಒಂದೊಂದು ಬಣ್ಣದಲ್ಲಿಯೂ ಉಷ್ಣಮಾಪಕವನ್ನಿಟ್ಟು ನೋಡುತ್ತ ಬಂದ ಅವನಿಗೆ, ಕೆಂಪು ಮುಗಿದು ಏನೂ ಕಾಣದಿದ್ದ ಕಡೆಯಲ್ಲಿಯೇ ಪಾದರಸ ಇನ್ನೂ ಮೇಲೇರಿದ್ದು ಕಂಡಿತು. ಆ ಕಾಣದ ಬೆಳಕನ್ನೇ ಇಂದು ಅವಕೆಂಪು ಎನ್ನುತ್ತೇವೆ.

ಇಲ್ಲಿ ಒಂದು ತಪ್ಪು ತಿಳಿವಳಿಕೆಯನ್ನು ಮೊದಲೇ ದೂರಮಾಡಬೇಕು. ಅವಕೆಂಪು ಚಿತ್ರವೆಂದರೆ ಶಾಖದ ಚಿತ್ರವೆಂದೂ, ಮರ ಬಿಸಿಯಾಗಿದ್ದುದರಿಂದ ಬೆಳ್ಳಗೆ ಬಂದಿದೆಯೆಂದೂ ಹಲವರು ಭಾವಿಸುತ್ತಾರೆ; ನಮ್ಮ ಸಹೋದ್ಯೋಗಿಗಳಲ್ಲಿಯೂ ಇಬ್ಬರು ಹಾಗೆಯೇ ವಾದಿಸಿದರು. ಅವಕೆಂಪಿನ ಹರವು ಬಹಳ ದೊಡ್ಡದು. 2020ರಲ್ಲಿ ಕೊರೋನಾ ಹಾವಳಿಯ ಕಾಲಕ್ಕೆ ಬಾಗಿಲ ಬಾಗಿಲಲ್ಲಿ ಹಣೆಗೆ ಹಿಡಿಯುತ್ತಿದ್ದ ಉಷ್ಣಮಾಪಕವು ಅಳೆಯುತ್ತಿದ್ದುದು ದೇಹದಿಂದ ಹೊರಡುವ, 10,000 ನ್ಯಾನೋಮೀಟರಿನ ಸುಮಾರಿನ ಅವಕೆಂಪನ್ನು. ನಮ್ಮ ಕ್ಯಾಮೆರಾಕ್ಕೆ ಅದು ಕಾಣುವುದೇ ಇಲ್ಲ. ಕ್ಯಾಮೆರಾಕ್ಕೆ ಕಾಣುವುದು ಕೆಂಪಿನ ಬಗಲಲ್ಲೇ ಇರುವ, 700ರಿಂದ 1,100 ನ್ಯಾನೋಮೀಟರಿನವರೆಗಿನ ನೆರೆಯ ಅವಕೆಂಪು. ಅದು ಮರದ ಬಿಸಿಯಲ್ಲ. ಸೂರ್ಯನಿಂದ ಬಂದು ಎಲೆಗೆ ತಾಕಿ ಮರಳಿದ ಬೆಳಕು. ಸೂರ್ಯ ಮುಳುಗಿದರೆ ಆ ಚಿತ್ರವೂ ಇಲ್ಲ.

ಇದನ್ನು ನೀವೇ ಪರೀಕ್ಷಿಸಬಹುದು, ಕಾಸಿನ ಖರ್ಚಿಲ್ಲ. ಮನೆಯ ಟೀವಿಯ ರಿಮೋಟನ್ನು ಮೊಬೈಲಿನ ಕ್ಯಾಮೆರಾದ ಎದುರು ಹಿಡಿದು ಗುಂಡಿಯನ್ನೊತ್ತಿರಿ. ಬರಿಗಣ್ಣಿಗೆ ರಿಮೋಟಿನ ತುದಿಯ ಪುಟ್ಟ ಗೋಲಿ ಸುಮ್ಮನೆ ಕುಳಿತಿರುತ್ತದೆ. ಮೊಬೈಲಿನ ಪರದೆಯ ಮೇಲೆ ಅದು ನಸುನೇರಳೆಯಾಗಿ ಮಿನುಗುವುದು ಕಾಣುತ್ತದೆ. ಹಿಂದಿನ ಕ್ಯಾಮೆರಾದಲ್ಲಿ ಕಾಣದಿದ್ದರೆ ಮುಖದ ಕಡೆಯ ಕ್ಯಾಮೆರಾದಲ್ಲಿ ನೋಡಿರಿ. ಡಿಜಿಟಲ್ ಕ್ಯಾಮೆರಾದೊಳಗೆ ಫಿಲಂ ಇದ್ದ ಸ್ಥಳದಲ್ಲಿ ಸಿಲಿಕಾನಿನ ಒಂದು ಬಿಲ್ಲೆಯಿರುತ್ತದೆ. ಸಿಲಿಕಾನಿಗೆ ಸ್ವಭಾವತಃ ಅವಕೆಂಪೂ ಕಾಣುತ್ತದೆ. ಹಾಗೆಯೇ ಬಿಟ್ಟರೆ ಬಣ್ಣಗಳು ಕೆಡುತ್ತವೆಂದು ತಯಾರಕರು ಬಿಲ್ಲೆಯ ಮುಂದೆ ಅವಕೆಂಪನ್ನು ತಡೆಯುವ ತೆಳುಗಾಜನ್ನು ಕೂಡಿಸುತ್ತಾರೆ. ಅದು ಪೂರ್ತಿಯಾಗಿ ತಡೆಯುವುದಿಲ್ಲ; ಅದರಿಂದ ನುಸುಳಿ ಬಂದ ಚೂರು ಬೆಳಕೇ ರಿಮೋಟಿನ ಆ ಮಿಣುಕು. ನಾವು ಚಿತ್ರ ತೆಗೆಯುವುದೂ ಆ ಚೂರಿನಿಂದಲೇ.

ಇನ್ನು ವಿಧಾನ. ನಮ್ಮಲ್ಲಿರುವುದು ಹಳೆಯ ವಿದ್ಯಾರ್ಥಿಯೊಬ್ಬರು ಶಾಲೆಗೆ ಕೊಟ್ಟ ಹಳೆಯ ಡಿಜಿಟಲ್ ಕ್ಯಾಮೆರಾ. ಇದರ ಮಸೂರದ ಮುಂದೆ ತಿರುಪಿ ಕೂಡಿಸುವಂತಹ 720 ನ್ಯಾನೋಮೀಟರಿನ ಫಿಲ್ಟರನ್ನು ತರಿಸಿಕೊಂಡೆವು. ಕೈಯಲ್ಲಿ ಹಿಡಿದು ನೋಡಿದರೆ ಅದು ಕರಿಯ ಗಾಜಿನ ತುಂಡು, ಆಚೆಯದೇನೂ ಕಾಣದು. ಆದರೆ ಕಣ್ಣಿಗೆ ಕಾಣುವ ಬೆಳಕನ್ನೆಲ್ಲ ಹೊರಗಿಟ್ಟು ಅವಕೆಂಪನ್ನು ಮಾತ್ರ ಒಳಗೆ ಬಿಡುವುದು ಅದರ ಕೆಲಸ. ಒಳಗಿನ ಗಾಜು ಅವಕೆಂಪನ್ನು ತಡೆಯುವುದು, ಹೊರಗಿನ ಗಾಜು ಉಳಿದುದನ್ನು ತಡೆಯುವುದು. ಹೀಗಿರಲು ಬಿಲ್ಲೆಯನ್ನು ಸೇರುವ ಬೆಳಕು ಅತ್ಯಲ್ಪ. ಬಿಸಿಲಿನಲ್ಲಿ ಸಾಮಾನ್ಯ ಚಿತ್ರಕ್ಕೆ ಸೆಕೆಂಡಿನ 250ರಲ್ಲೊಂದು ಭಾಗ ಸಾಕಾದರೆ, ಇದಕ್ಕೆ ನಮ್ಮ ಕ್ಯಾಮೆರಾದಲ್ಲಿ 20 ಸೆಕೆಂಡು ಬೇಕಾಯಿತು. ಅಷ್ಟು ಹೊತ್ತು ಕೈಯಲ್ಲಿ ಹಿಡಿದರೆ ನಡೆಯದು. ಮೂರು ಕಾಲಿನ ಸ್ಟ್ಯಾಂಡು ಅವಶ್ಯ. ಗುಂಡಿಯನ್ನೊತ್ತುವಾಗಿನ ಅದುರಾಟವೂ ಆಗಬಾರದೆಂದು ಕ್ಯಾಮೆರಾದ ಟೈಮರನ್ನು ಹಾಕಬೇಕು.

ಮೊದಲ ಮೂರು ದಿನ ನಮಗೆ ಒಂದು ಚಿತ್ರವೂ ದಕ್ಕಲಿಲ್ಲ. ಮೊದಲನೆಯ ದಿನ ಆಷಾಢದ ಗಾಳಿ. 20 ಸೆಕೆಂಡಿನಲ್ಲಿ ಕೊಂಬೆಗಳೆಲ್ಲ ತೂಗಾಡಿ ಮರ ಹೊಗೆಯಂತೆ ಬಂದಿತು. ಎರಡನೆಯ ದಿನ ಗಾಳಿಯಿರಲಿಲ್ಲ, ಆದರೂ ಚಿತ್ರ ಮಸುಕು. ಮಸೂರವು ಅವಕೆಂಪನ್ನು ಕಾಣುವ ಬೆಳಕಿಗಿಂತ ತುಸು ಹಿಂದಕ್ಕೆ ಕೂಡಿಸುವುದರಿಂದ, ಕಣ್ಣಿಗೆ ಸ್ಪಷ್ಟವಾಗಿ ಕಂಡಲ್ಲಿ ಅವಕೆಂಪಿಗೆ ಸ್ಪಷ್ಟವಿರುವುದಿಲ್ಲ. ಹಳೆಯ ಮಸೂರಗಳ ಮೇಲೆ ಇದಕ್ಕಾಗಿಯೇ ಒಂದು ಕೆಂಪು ಚುಕ್ಕೆಯನ್ನು ಕೊರೆದಿರುತ್ತಿದ್ದರು. ಆ ಚುಕ್ಕೆಯಿಲ್ಲದವರು ಮಸೂರದ ಕಿಂಡಿಯನ್ನು ಕಿರಿದುಮಾಡಿದರೆ ದೋಷ ಬಹುಮಟ್ಟಿಗೆ ಮುಚ್ಚಿಹೋಗುತ್ತದೆ. ಫಿಲ್ಟರನ್ನು ತಿರುಪುವ ಮೊದಲೇ ಚೌಕಟ್ಟನ್ನು ಹೊಂದಿಸಿಕೊಳ್ಳಬೇಕೆಂದು ಬೇರೆ ಹೇಳಬೇಕಾಗಿಲ್ಲ. ನಾವು ಅದನ್ನೂ ಒಮ್ಮೆ ಮರೆತಿದ್ದೆವು. ಮೂರನೆಯ ದಿನದ ಚಿತ್ರ ಸ್ಪಷ್ಟವಾಗಿಯೇ ಬಂದಿತು, ಆದರೆ ಇಡಿಯ ಅಂಗಳಕ್ಕೆ ಕುಂಕುಮ ಎರಚಿದಂತೆ ಕೆಂಪು. ಬಿಳಿ ಯಾವುದೆಂದು ಕ್ಯಾಮೆರಾಕ್ಕೆ ತಿಳಿಯದಿರುವುದೇ ಕಾರಣ. ಬಿಸಿಲಿನಲ್ಲಿರುವ ಹುಲ್ಲನ್ನೋ ಎಲೆಯನ್ನೋ ತೋರಿಸಿ ಇದೇ ಬಿಳಿ ಎಂದು ಅದಕ್ಕೆ ಕಲಿಸಿದ ಮೇಲೆ, ಗೋಡೆಯ ಮೇಲಿರುವ ಚಿತ್ರ ಬಂದಿತು.

ಕ್ಯಾಮೆರಾದೊಳಗಿನ ತಡೆಗಾಜನ್ನೇ ತೆಗೆಸಿಬಿಟ್ಟರೆ 20 ಸೆಕೆಂಡಿನ ಕಾಯುವಿಕೆ ತಪ್ಪುತ್ತದೆ. ಹಾಗೆ ಮಾಡಿಕೊಡುವ ಕಸುಬುದಾರರಿದ್ದಾರೆ. ವಿದ್ಯಾರ್ಥಿಗಳು ಮಾತ್ರ ಸ್ಕ್ರೂಡ್ರೈವರು ಹಿಡಿದು ಕೂಡಬಾರದು. ಫ್ಲ್ಯಾಷ್ ದೀಪಕ್ಕೆಂದು ಕ್ಯಾಮೆರಾದೊಳಗೆ ವಿದ್ಯುತ್ತನ್ನು ಕೂಡಿಟ್ಟುಕೊಳ್ಳುವ ಒಂದು ಭಾಗವುಂಟು. ಬ್ಯಾಟರಿ ತೆಗೆದ ಮೇಲೂ ಅದರಲ್ಲಿ ಸುಮಾರು 300 ವೋಲ್ಟ್ ಉಳಿದಿರಬಹುದು.

ಎಲೆ ಏಕೆ ಬೆಳ್ಳಗಾಯಿತು? ಎಲೆಯ ಪತ್ರಹರಿತ್ತು ಕೆಂಪು ಮತ್ತು ನೀಲಿ ಬೆಳಕನ್ನು ತನ್ನ ಆಹಾರ ತಯಾರಿಕೆಗೆ ಹೀರಿಕೊಂಡು, ಹಸುರಿನಲ್ಲಿ ಸ್ವಲ್ಪವನ್ನು ಹಿಂದಕ್ಕೆ ಬಿಡುತ್ತದೆ. ಅದರಿಂದ ನಮಗೆ ಎಲೆ ಹಸುರು. ಅವಕೆಂಪಿನ ಮಟ್ಟಿಗೆ ಪತ್ರಹರಿತ್ತು ನಿರ್ಮಲವಾದ ಗಾಜಿದ್ದಂತೆ. ಬೆಳಕು ಅದನ್ನು ದಾಟಿ ಒಳಗೆ ಹೋಗುತ್ತದೆ. ಒಳಗೆ ಜೀವಕೋಶಗಳ ನಡುವೆ ಗಾಳಿಯ ಸಂದುಗಳಿವೆ. ಅಲ್ಲಿ ಬೆಳಕು ಗೋಡೆಯಿಂದ ಗೋಡೆಗೆ ಪುಟಿದು ಚೆದರಿ, ಸರಿಸುಮಾರು ಅರ್ಧದಷ್ಟು ಹೊರಗೇ ಮರಳುತ್ತದೆ. ಸಕ್ಕರೆಯ ಹರಳು ಪಾರದರ್ಶಕವಾಗಿದ್ದರೂ ಸಕ್ಕರೆಯ ರಾಶಿ ಬೆಳ್ಳಗಿರುವುದೂ ಇದೇ ಬಗೆಯಿಂದ. ಆಕಾಶ ಕಪ್ಪಾದುದಕ್ಕೆ ಕಾರಣ ಬೇರೆ. ಗಾಳಿಯ ಕಣಗಳು ಕಿರಿಯ ಅಲೆಗಳಾದ ನೀಲಿಯನ್ನು ಹೆಚ್ಚಾಗಿ ಚೆದರಿಸುತ್ತವೆ, ದೊಡ್ಡ ಅಲೆಗಳಾದ ಅವಕೆಂಪನ್ನು ಬಹಳ ಕಡಮೆ. ಕೆರೆಯ ನೀರೂ ಕಪ್ಪು. ಅದು ಅವಕೆಂಪನ್ನು ನುಂಗುವುದು. ಅಮೆರಿಕದ ರಾಬರ್ಟ್ ವುಡ್ ಎಂಬ ವಿಜ್ಞಾನಿ 1910ರಲ್ಲಿ ಇಂತಹ ಬಿಳಿಮರ, ಕರಿಯಾಕಾಶಗಳ ಚಿತ್ರಗಳನ್ನು ಮೊದಲು ಪ್ರಕಟಿಸಿದನು.

ರೋಗ ತಗಲಿ ಎಲೆಯ ಒಳರಚನೆ ಕೆಟ್ಟರೆ ಈ ಬಿಳುಪು ಕುಂದುತ್ತದೆ. ಈ ಸೂಕ್ಷ್ಮವನ್ನು ಹಿಡಿದೇ 1970ರ ಸುಮಾರಿಗೆ ಪಿ. ಆರ್. ಪಿಷಾರಟಿಯವರು ಕೇರಳದ ತೆಂಗಿನ ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಅವಕೆಂಪು ಫಿಲಂನಲ್ಲಿ ಚಿತ್ರ ತೆಗೆಸಿ, ಬೇರು ಸೊರಗುರೋಗ ತಗಲಿದ ಮರಗಳನ್ನು ಗುರುತಿಸಿದರು. ಬೆಂಗಳೂರಿನಲ್ಲಿ ಸಿದ್ಧವಾಗಿ 1988ರ ಮಾರ್ಚ್ 17ರಂದು ಹಾರಿದ ಐ.ಆರ್.ಎಸ್.-1ಎ ಉಪಗ್ರಹದ ನಾಲ್ಕು ಬೆಳಕುಪಟ್ಟಿಗಳಲ್ಲಿ ಒಂದು ಅವಕೆಂಪಿನದೇ ಆಗಿತ್ತು. ಅಂತಹ ಉಪಗ್ರಹಗಳ ಚಿತ್ರಗಳನ್ನು ಇಳಿಸಿಕೊಳ್ಳುವ ಕೇಂದ್ರವು ನಮ್ಮ ಹಳೆಯ ಮಹಬೂಬನಗರ ಜಿಲ್ಲೆಯ ಶಾದನಗರದಲ್ಲಿಯೇ ಇದೆಯೆಂಬುದು ನಮ್ಮ ಮಕ್ಕಳಲ್ಲಿ ಎಷ್ಟು ಜನಕ್ಕೆ ಗೊತ್ತು? ಕೃಷ್ಣೆ ತುಂಗಭದ್ರೆಗಳ ನಡುವಿನ ಈ ನಡಿಗಡ್ಡೆಯ ಹತ್ತಿ, ಶೇಂಗಾ, ಭತ್ತದ ಹೊಲಗಳೆಲ್ಲ ಅಂತಹ ಚಿತ್ರಗಳಲ್ಲಿ ರೂಢಿಯ ಪ್ರಕಾರ ಕೆಂಪು ಬಣ್ಣದಿಂದ ತೋರುತ್ತವೆ.

ಇಷ್ಟು ಮರ ಬಳ್ಳಿಗಳ ಮಾತು. ನಾವು ಈ ಕರಿಯ ಗಾಜನ್ನು ತರಿಸಿದುದು ಮರದ ಚಿತ್ರಕ್ಕಾಗಿ ಅಲ್ಲವೆಂಬುದನ್ನು ಈಗ ಹೇಳಬೇಕು.

ನಮ್ಮ ಮನೆಯ ಅಟ್ಟದಲ್ಲಿ ಕೆಂಪು ವಸ್ತ್ರದಲ್ಲಿ ಸುತ್ತಿದ ತಾಳೆಗರಿಯ ಕಟ್ಟೊಂದಿತ್ತು. ಅಜ್ಜನವರು ದಸರೆಗೊಮ್ಮೆ ಇಳಿಸಿ ಪೂಜೆಮಾಡಿ, ಎಣ್ಣೆ ಸವರಿ ಮತ್ತೆ ಮೇಲಿಡುತ್ತಿದ್ದರು. ಗರಿಗಳು ಕಾದ ಬೆಲ್ಲದ ಬಣ್ಣಕ್ಕೆ ತಿರುಗಿದ್ದವು. ಅಕ್ಷರ ಯಾರಿಗೂ ಕಾಣುತ್ತಿರಲಿಲ್ಲ. ಅಜ್ಜನವರು ತೀರಿಕೊಂಡ ಬಳಿಕ, ಓದಲು ಬಾರದುದನ್ನು ಮನೆಯಲ್ಲಿಟ್ಟು ಅಪಚಾರವೇಕೆಂದು ಹಿರಿಯರು ಮಾತನಾಡಿಕೊಂಡು, 2004ರ ಕೃಷ್ಣಾ ಪುಷ್ಕರದಲ್ಲಿ ಅದನ್ನು ಬೀಚುಪಲ್ಲಿಯಲ್ಲಿ ಹೊಳೆಗೆ ಬಿಟ್ಟರು. ಬಿಟ್ಟ ಕೈಗಳಲ್ಲಿ ನಮ್ಮ ಕೈಯೂ ಒಂದು. ಆಗಲೇ ನಾವು ಪದವೀಧರರು, ಬೇಡವೆನ್ನಬಹುದಾಗಿತ್ತು, ಅನ್ನಲಿಲ್ಲ. ಅದು ಪುರಾಣವೋ, ವೈದ್ಯವೋ, ದಾಸರ ಪದಗಳೋ, ಇಂದಿಗೂ ತಿಳಿಯದು. ಗೋಪಾಲದಾಸರು ನೆಲೆಸಿದ್ದ ಉತ್ತನೂರು ನಮಗೆ ದೂರವೇನಲ್ಲ. ಈ ಸೀಮೆಯ ಅಟ್ಟಗಳಲ್ಲಿ ಏನೂ ಇರಬಹುದು.

ನಮ್ಮ ಕಟ್ಟು ನೀರಿಗೆ ಹೋದ ಮರುವರ್ಷವೇ ಉಡುಪಿಯಲ್ಲಿ ಮತ್ತೊಂದು ಕಟ್ಟಿನ ಮುಂದೆ ವಿಜ್ಞಾನಿಗಳು ಕುಳಿತಿದ್ದರು. ಪಲಿಮಾರು ಮಠದಲ್ಲಿ ಮಧ್ವಾಚಾರ್ಯರ ಸರ್ವಮೂಲ ಗ್ರಂಥಗಳ ತಾಳೆಗರಿಯ ಪ್ರತಿಯಿದೆ: ಆಚಾರ್ಯರ 36 ಸಂಸ್ಕೃತ ಕೃತಿಗಳು, ಸುಮಾರು 340 ಗರಿಗಳು, ಒಂದೊಂದೂ ಸುಮಾರು 26 ಅಂಗುಲ ಉದ್ದ, 2 ಅಂಗುಲ ಅಗಲ. ಪ್ರತಿಗೆ ಸುಮಾರು 700 ವರ್ಷವೆಂದು ಎಣಿಕೆ. ಅಂಚುಗಳು ಮುರಿದು, ಹಿಂದೆ ರಕ್ಷಣೆಗೆಂದು ಸವರಿದ ಎಣ್ಣೆಯಿಂದಲೇ ಗರಿಗಳು ಕಪ್ಪಿಟ್ಟಿದ್ದವು. ಅಮೆರಿಕದ ರಾಚೆಸ್ಟರ್ ತಾಂತ್ರಿಕ ವಿದ್ಯಾಸಂಸ್ಥೆಯ ಪಿ. ಆರ್. ಮುಕುಂದ್ ಮತ್ತು ರೋಜರ್ ಈಸ್ಟನ್ ಎಂಬ ಪ್ರಾಧ್ಯಾಪಕರು 2005ರ ಡಿಸೆಂಬರಿನಲ್ಲಿ ಬಂದು ಇದನ್ನು ಪರೀಕ್ಷಿಸಿದರು. ಮರುವರ್ಷ ಕೀತ್ ನಾಕ್ಸ್ ಎಂಬ ಚಿತ್ರಣತಜ್ಞರೊಡನೆ ಮರಳಿ ಬಂದು ಗರಿಗಳನ್ನೆಲ್ಲ ಚಿತ್ರಿಸಿದರು. ಅವರು ಬಳಸಿದುದು ವಿಜ್ಞಾನದ ಕೆಲಸಕ್ಕೆಂದು ಮಾಡಿದ ಡಿಜಿಟಲ್ ಕ್ಯಾಮೆರಾ ಹಾಗೂ ಅವಕೆಂಪು ಫಿಲ್ಟರು. ತೆಗೆದ ಚಿತ್ರಗಳು ಸುಮಾರು 7,900. ಗರಿಗೆ ಎರಡು ಮುಖ; ಹಾಗಾದರೆ ಮುಖವೊಂದಕ್ಕೆ ಎಷ್ಟು ಚಿತ್ರಗಳಾದವೆಂಬುದನ್ನು ಏಳನೆಯ ತರಗತಿಯವರು ಲೆಕ್ಕಹಾಕಲಿ. ಇಷ್ಟುದ್ದದ ಗರಿ ಒಂದೇ ಚಿತ್ರದಲ್ಲಿ ಸೂಕ್ಷ್ಮವಾಗಿ ಹಿಡಿಯದಾದುದರಿಂದ, ತುಂಡು ತುಂಡಾಗಿ ತೆಗೆದು ಆ ಬಳಿಕ ಗಣಕಯಂತ್ರದಲ್ಲಿ ಹೊಲಿದಂತೆ ಜೋಡಿಸಿದರು. ಕಂದಿದ ಗರಿಯ ಮೇಲೆ ಅಕ್ಷರ ಎದ್ದು ಕಂಡಿತು.

ಇದರಲ್ಲಿ ಪವಾಡವಿಲ್ಲ. ತಾಳೆಗರಿಯ ಮೇಲೆ ಬರೆಯುವವರು ಕಬ್ಬಿಣದ ಕಂಠದಿಂದ ಗೀರಿ, ಗೀರಿನೊಳಗೆ ದೀಪದ ಮಸಿಯನ್ನು ಎಣ್ಣೆಯಲ್ಲಿ ಕಲಸಿ ತೀಡುತ್ತಿದ್ದರು. ಮಸಿಯೆಂದರೆ ಇಂಗಾಲ, ಅದು ಕಾಣುವ ಬೆಳಕನ್ನು ಹೇಗೋ ಹಾಗೆ ಅವಕೆಂಪನ್ನೂ ನುಂಗುತ್ತದೆ. ವಯಸ್ಸಿನಿಂದಲೂ ಎಣ್ಣೆಯಿಂದಲೂ ಗರಿಗೆ ಬಂದ ಕಂದುಬಣ್ಣವಾದರೋ ಕಾಣುವ ಬೆಳಕನ್ನು ಮಾತ್ರ ನುಂಗಿ ಅವಕೆಂಪನ್ನು ಬಹುಪಾಲು ಹಿಂದಕ್ಕೆ ಕಳುಹಿಸುತ್ತದೆ. ಆದಕಾರಣ ಅವಕೆಂಪಿನಲ್ಲಿ ಗರಿ ಹೊಸದರಂತೆ ಬೆಳಗಾಗಿ, ಅಕ್ಷರ ಕಪ್ಪಾಗಿಯೇ ಉಳಿಯುತ್ತದೆ. ಮಸಿ ಪೂರ್ತಿ ಉದುರಿಹೋಗಿದ್ದಲ್ಲಿ ಈ ಉಪಾಯ ಸಾಗದು.

ಇದಕ್ಕೊಂದು ಪ್ರಯೋಗವನ್ನು ತರಗತಿಯಲ್ಲಿ ಮಾಡಿ ತೋರಿಸಿದ್ದೇವೆ. ಹಾಳೆಯ ಮೇಲೆ ಪೆನ್ಸಿಲಿನಿಂದ ನಿಮ್ಮ ಹೆಸರು ಬರೆದು, ಅದರ ಮೇಲೆ ನೀಲಿ ಬಾಲ್‌ಪೆನ್ನಿನಿಂದ ಒತ್ತಾಗಿ ಗೀಚಿ ಮುಚ್ಚಿಬಿಡಿರಿ. ಅವಕೆಂಪಿನ ಚಿತ್ರದಲ್ಲಿ ಆ ನೀಲಿ ಬಹುಮಟ್ಟಿಗೆ ಅಳಿಸಿಹೋಗಿ ಹೆಸರು ಉಳಿದಿರುತ್ತದೆ. ಪೆನ್ಸಿಲಿನ ಕಡ್ಡಿಯೂ ಇಂಗಾಲವೇ. ಕೋಣೆಯೊಳಗೆ ತೆಗೆಯುವವರು ಒಂದನ್ನು ನೆನಪಿಡಬೇಕು. ಈಗಿನ ಎಲ್.ಇ.ಡಿ. ದೀಪಗಳಲ್ಲಿ ಅವಕೆಂಪು ಹೆಚ್ಚುಕಡಮೆ ಇಲ್ಲವೇ ಇಲ್ಲ; ಎಷ್ಟು ದೀಪ ಹಚ್ಚಿದರೂ ಚಿತ್ರ ಕಪ್ಪು. ಕಿಟಕಿಯ ಬಿಸಿಲು ಬೇಕು, ಇಲ್ಲವೆ ತಂತಿ ಕಾದು ಉರಿಯುವ ಹಳೆಯ ಕಾಲದ ಬಲ್ಬು ಬೇಕು.

ಫಿಲ್ಟರಿಗೆ ಹಣವಿಲ್ಲದವರು ಹಳೆಯ ಬಣ್ಣದ ಫಿಲಂ ಸುರುಳಿಯ ಕರಿಯ ತುಂಡನ್ನು ಎರಡು ಪದರ ಮಾಡಿ ಮಸೂರದ ಮುಂದೆ ಹಿಡಿದು ಕೆಲಸ ಸಾಗಿಸುವುದುಂಟು. ಈ ಮಾತನ್ನು ಬರೆಯಲು ಹಿಂದೆಮುಂದೆ ನೋಡಿ, ಎಚ್ಚರಿಕೆಗಾಗಿಯೇ ಬರೆದಿದ್ದೇವೆ. ಅದೇ ಕರಿಯ ತುಂಡಿನಿಂದ ಜನ ಸೂರ್ಯಗ್ರಹಣವನ್ನೂ ನೋಡುತ್ತಾರೆ. 1995ರ ಅಕ್ಟೋಬರ್ 24ರ ಗ್ರಹಣವನ್ನು ನಾವೂ ಹಾಗೆಯೇ ನೋಡಿದ್ದೆವು, ಕಪ್ಪಾಗಿದೆಯಲ್ಲ, ಭಯವಿಲ್ಲವೆಂದು. ಬಣ್ಣದ ಫಿಲಂನ ಕಪ್ಪು ಬರಿಯ ಬಣ್ಣದ ಕಪ್ಪು. ಅದು ಅವಕೆಂಪನ್ನು ತಡೆಯುವುದಿಲ್ಲ. ತಡೆಯುವುದಿಲ್ಲವಾದ್ದರಿಂದಲೇ ಅದರಿಂದ ಅವಕೆಂಪು ಚಿತ್ರ ತೆಗೆಯಲು ಬರುತ್ತದೆ. ಕಾಣುವ ಬೆಳಕು ಕಡಮೆಯಾದುದರಿಂದ ಕಣ್ಣಿನ ಪಾಪೆ ಅಗಲವಾಗಿ ತೆರೆದಿರುತ್ತದೆ, ರೆಪ್ಪೆ ಮುಚ್ಚುವುದಿಲ್ಲ, ಕಾಣದ ಬೆಳಕು ನೇರವಾಗಿ ಒಳಗೆ ಹೋಗಿ ಕಣ್ಣಿನ ಹಿಂಪರದೆಯನ್ನು ಸುಡುತ್ತದೆ. ಆ ಪರದೆಗೆ ನೋವು ತಿಳಿಯದಾದುದರಿಂದ ಸುಟ್ಟದ್ದೂ ಆಗ ಗೊತ್ತಾಗುವುದಿಲ್ಲ. ನಮ್ಮ ಕಣ್ಣು ಉಳಿದುದು ನಮ್ಮ ಜಾಣತನದಿಂದಲ್ಲ. 720ರ ಫಿಲ್ಟರಿನಿಂದಲೂ, ಎಕ್ಸ್‌ರೇ ಹಾಳೆಯಿಂದಲೂ ಸೂರ್ಯನನ್ನು ನೋಡಕೂಡದು. ಪಾಲಕರು ಈ ಮಾತನ್ನು ಮನೆಯಲ್ಲಿ ಮಕ್ಕಳಿಗೆ ಮತ್ತೊಮ್ಮೆ ಹೇಳಬೇಕೆಂದು ಕೇಳಿಕೊಳ್ಳುತ್ತೇವೆ. ಗ್ರಹಣ ನೋಡಲು ರಟ್ಟಿನಲ್ಲಿ ಸೂಜಿಯಿಂದ ರಂಧ್ರ ಮಾಡಿ, ಅದರಿಂದಿಳಿದ ಬಿಸಿಲನ್ನು ನೆರಳಿನ ಗೋಡೆಯ ಮೇಲೆ ಬೀಳಿಸಿ, ಸೂರ್ಯನಿಗೆ ಬೆನ್ನು ಮಾಡಿ ನೋಡಿದರೆ ಸಾಕು.

ಇನ್ನು ಮನೆಯಲ್ಲಿ ತಾಳೆಗರಿಯೋ ಹಳೆಯ ಕೈಬರಹದ ಪುಸ್ತಕವೋ ಉಳ್ಳ ಪಾಲಕರಲ್ಲಿ ಒಂದು ಬಿನ್ನಹ. ಅದಕ್ಕೆ ಎಣ್ಣೆ ಸವರಬೇಡಿರಿ, ಬಿಸಿಲಿಗಿಡಬೇಡಿರಿ, ಅಂಟಿಕೊಂಡ ಗರಿಗಳನ್ನು ಬಿಡಿಸಹೋಗಬೇಡಿರಿ. ಇದ್ದಂತೆಯೇ ಒಣಬಟ್ಟೆಯಲ್ಲಿ ಸುತ್ತಿ, ಕಾರ್ತಿಕಮಾಸದ ಯಾವುದಾದರೂ ಶನಿವಾರ ಮಧ್ಯಾಹ್ನ ಶಾಲೆಗೆ ತನ್ನಿರಿ. ನಿಮ್ಮ ಎದುರಿನಲ್ಲಿಯೇ ಚಿತ್ರ ತೆಗೆದು, ಕಟ್ಟನ್ನು ಅಂದೇ ನಿಮ್ಮ ಕೈಗೆ ಒಪ್ಪಿಸುತ್ತೇವೆ. ಚಿತ್ರದ ಪ್ರತಿಯೊಂದನ್ನು ಕೊಡುತ್ತೇವೆ. ಅದರಲ್ಲೇನಿದೆಯೆಂದು ನಾವು ಓದಲಾರದಿದ್ದರೆ ಓದಬಲ್ಲವರಿಗೆ ತೋರಿಸೋಣ; ಓದುವವರು ಸಿಗುವವರೆಗೆ ಚಿತ್ರವಾದರೂ ಇರುತ್ತದೆ.

ಬೇವಿನ ಮರ ಒಣಗಿತೇ ಎಂದು ಕೇಳಿದ ಆ ಹಿರಿಯರು ಮುಂದಿನ ವಾರವೇ ಮತ್ತೆ ಬಂದರು. ಚೀಲದಲ್ಲಿ ಹನ್ನೊಂದು ಗರಿಗಳ ಸಣ್ಣ ಕಟ್ಟು. "ನಮ್ಮಪ್ಪ ಇಟ್ಟಿದ್ದು ಸರ, ಏನೈತೋ ನೋಡ್ರಿ" ಎಂದು ಮೇಜಿನ ಮೇಲಿಟ್ಟು, ಚಿತ್ರ ತೆಗೆಯುವವರೆಗೂ ಅಲ್ಲಿಂದ ಕದಲಲಿಲ್ಲ. ಅಂದು ಮೋಡ ಬಂದುದರಿಂದ ಎರಡೇ ಗರಿ ಆದವು. ಅವುಗಳಲ್ಲಿ ಬರಹ ಕನ್ನಡದ್ದು. ಜೋಳದ ಅಳತೆಯ ಲೆಕ್ಕವೆಂದು ತೋರುತ್ತದೆ, ಒಂದೆರಡು ಹೆಸರುಗಳಿವೆ. ಅವುಗಳಲ್ಲೊಂದು ತಮ್ಮ ಮುತ್ತಜ್ಜನದೆಂದು ಅವರು ಹೇಳುತ್ತಾರೆ. ಉಳಿದ ಒಂಬತ್ತು ಗರಿಗಳನ್ನು ಬಿಸಿಲು ಬಿದ್ದ ಶನಿವಾರ ತೆಗೆಯುವುದಿದೆ.